ರಾಣಿಯ ಎಡಗಣ್ಣು

ನಮ್ಮ ಭಾವನಿಗೆ ಅಸಲಿ ವಸ್ತು ಕಂಡರೆ ಅಷ್ಟಕ್ಕಷ್ಟೆ. ನಕಲಿ ತೋರಿಸಿ, ಮುಖ ಊರಗಲವಾಗುತ್ತದೆ!

ಅಮೆರಿಕದ ಲಿವೋನಿಯಾದಲ್ಲಿ ಕಾರಿನ ಮುಂಗಾಜು ತಯಾರಿಸುವ ಕಂಪನಿಯ ಎಂಜಿನಿಯರ್ ಅವರು. ರಿಸೆಷನ್‌ನಲ್ಲಿ ಕೆಲಸ ಹೋಯಿತು. ಜೊತೆಗೆ ಮಾತೂ ಹೋಯಿತು. "ಗೋಡೆ ನೋಡ್ಕೊಂಡು ಕೂತಿರ್ತಾರೆ ಕಣೋ" ಎಂದು ಅಕ್ಕ ಫೋನಿನಲ್ಲಿ ಅತ್ತಳು. ಇಬ್ಬರನ್ನೂ ನಾನಿರುವ ನೇಪರ್‌ವಿಲ್‌ಗೆ ಕರೆಸಿಕೊಂಡು ಶಿಕಾಗೋದ ಮ್ಯೂಸಿಯಂ ತೋರಿಸಲು ಹೊರಟೆ.

ಮಮ್ಮಿಗಳತ್ತ ಭಾವ ತಿರುಗಿಯೂ ನೋಡಲಿಲ್ಲ. ಮೂಲೆಯ ಗಾಜಿನ ಕಪಾಟೊಂದಕ್ಕೆ ಮೂಗು ಒತ್ತಿ ನಿಂತರು. ಒಳಗೆ ಹಳೆಯ ಈಜಿಪ್ಟಿನವರು ಗೊಂಬೆಗಳಲ್ಲಿ, ಶವಪೆಟ್ಟಿಗೆಗಳಲ್ಲಿ ಕೂರಿಸುತ್ತಿದ್ದ ಬಣ್ಣದ ಗಾಜಿನ ಕಣ್ಣು, ಹುಬ್ಬುಗಳು. ಪಕ್ಕದಲ್ಲೊಂದು ನೀಲಿ ಕಣ್ಣು. ಅದರ ಚೀಟಿ ಹೇಳುತ್ತಿತ್ತು: ಈಚಿನ ಅನುಕರಣೆ, ಮಾಡಿದವರು ತಿಳಿದಿಲ್ಲ.

"ಎಂಥ ಕೆಲಸ ನೋಡೋ! ಒಂದು ಗುಳ್ಳೆ ಇಲ್ಲ."

"ಅದು ಡೂಪ್ಲಿಕೇಟು, ಭಾವ!"

"ಆದ್ರೇನು? ಅವನೂ ಕಷ್ಟಪಟ್ಟಿಲ್ವಾ? ಒಂದು ಹೆಸರು ಹಾಕೋಕೇನು ಧಾಡಿ!"

ತಿಂಗಳುಗಟ್ಟಲೆ ಆದಮೇಲೆ ಕೇಳಿದ ಅವರ ದನಿ! ಗಾರ್ಡ್ ಬಂದು ಮೂಗಿನ ಗುರುತು ಒರೆಸಿದ. ನಿಮ್ಮ ಗಾಜಿನಲ್ಲಿ ಡಿಸ್ಟಾರ್ಷನ್ ಇದೆ, ಒಳಗಿನದು ಸೊಟ್ಟಗೆ ಕಾಣುತ್ತದೆ ಎಂದು ಭಾವ ಅವನಿಗೇ ದೂರು ಕೊಟ್ಟರು.

ಅಮ್ಮ ಅಕ್ಕನಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳಲ್ಲಿ ರಾಣಿಯ ಗಾಜಿನ ಎಡಗಣ್ಣು ಎಂದೋ ಉದುರಿತ್ತು. ಲಿವೋನಿಯಾಗೆ ಮರಳಿದ ಭಾವ ಅದಕ್ಕೆಂದೇ ಗ್ಯಾರೇಜಿನಲ್ಲಿ ಗಾಜು ಕರಗಿಸತೊಡಗಿದರು.

"ರೀ, ನನ್ನ ಇಕ್ಕಳ ಎಲ್ರೀ?"

"ಇರು, ಅದು ರಾಣಿ ಕಣ್ಣು ಹಿಡ್ಕೊಂಡಿದೆ!"

ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಅಕ್ಕ ಆ ದಿನ ಬೈಯಲಿಲ್ಲವಂತೆ.

ಈ 'ರೀ'ಯ ವಿಷಯ ಹೇಳಲೇಬೇಕು. ಅಕ್ಕ ಮೈಸೂರಿನ ಹಳೇ ಪದ್ಧತಿಯವಳು, ಗಂಡನ ಹೆಸರು ಹೇಳುವವಳಲ್ಲ. ಡಾಕ್ಟರ್ ಆಫೀಸಿನವರು ಫೋನಿನಲ್ಲಿ ಗಂಡನ ಹೆಸರು ಕೇಳಿದರೆ ಫೋನನ್ನೇ ಭಾವನ ಕೈಗೆ ಕೊಡುತ್ತಾಳೆ. ಅವರು ಮನೆಯಲ್ಲಿಲ್ಲದಿದ್ದರೆ? ಕಾಲ್ ಲೇಟರ್!

ದಸರೆಗೆ ನಾನೂ ಲಿವೋನಿಯಾಗೆ ಹೋದೆ. ರಾಣಿಯ ಬಲಗಣ್ಣು ಕಪ್ಪು, ಎಡಗಣ್ಣು ಕಡುನೀಲಿ. ಸಾಲದ್ದಕ್ಕೆ ಅದು ರಾಜನ ಕಡೆ ಕೊಂಚ ವಾಲಿತ್ತು. ಬೊಂಬೆ ನೋಡಲು ಬಂದ ಆಂಟಿಯೊಬ್ಬರು, "ಇದೇನಮ್ಮಾ, ಒಂದು ಕಣ್ಣು ನೀಲಿ?" ಎಂದದ್ದೇ ತಡ, ಭಾವ ಮುಖ ಸಣ್ಣ ಮಾಡಿಕೊಂಡು ಕಾಫಿ ಸೋಸುವ ನೆಪದಲ್ಲಿ ಅಡುಗೆಮನೆ ಸೇರಿದರು.

ಅಕ್ಕ ರಾಣಿಯ ಕಾಲಬಳಿ ತಾನೇ ಬರೆದಿಟ್ಟ ಚೀಟಿ ತೋರಿಸಿದಳು: ಎಡಗಣ್ಣು ಈಚಿನದು. ಅದರ ಕೆಳಗೆ, ಮಾಡಿದವರ ಹೆಸರು.

"ಕನ್ನಡಕ ತಂದಿಲ್ಲ. ಯಾರಮ್ಮಾ ಮಾಡಿದ್ದು?" ಎಂದರು ಆಂಟಿ.

ಅಕ್ಕ ಕೆಂಪಾದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಭಾವನ ಹೆಸರನ್ನು, ಅವರಪ್ಪನ ಹೆಸರಿನ ಸಮೇತ, ಮನೆಗೆಲ್ಲ ಕೇಳುವಂತೆ ಹೇಳಿದಳು.

ಅಡುಗೆಮನೆಯಿಂದ, ಸ್ಕೂಲಿನಲ್ಲಿ ಹಾಜರಿ ಕೂಗಿದಾಗಿನಂತೆ, "ಹಾಜರ್!" ಎಂಬ ದನಿ ಬಂತು. ಒಳಗೆ ಹೋಗಿ ನೋಡಿದರೆ ಭಾವ ಸೌಟು ಹಿಡಿದು ಅಳುತ್ತಿದ್ದರು.