ಅಂಬುಜಾಕ್ಷಿಯ ಹೇಮಂತವಿಜಯ

ಎಲೈ ಕಾಲಪುರುಷನೇ, ಆರು ಋತುಗಳೆಂಬ ಆರು ಕುದುರೆಗಳನ್ನು ಒಂದೇ ರಥಕ್ಕೆ ಹೂಡಿ ಅನಾದಿಯಿಂದ ಓಡಿಸುತ್ತಿರುವವನೇ, ಒಂದು ಗಳಿಗೆ ಲಗಾಮು ಬಿಗಿಹಿಡಿದು ಇತ್ತ ಕಿವಿಗೊಡು! ಗೆದ್ದು ಬಂದವರನ್ನು ಹಾಡಿ ಹೊಗಳಿದ ಕವಿಗಳು ಬೇಕಾದಷ್ಟಿದ್ದಾರೆ. ಗೆದ್ದು ಬಂದವರಿಗೆ ಎಲೆ ಹಾಕಿ ಬಡಿಸಿದವಳನ್ನು ಹಾಡಿದವರು ಯಾರೂ ಸಿಗಲಿಲ್ಲ. ಆದಕಾರಣ ಈ ಗಾಥೆ ಹಾಡುವುದು ಮೈಸೂರಿನ ಸರಸ್ವತಿಪುರದ ನಾಲ್ಕನೇ ಮೇನಿನಲ್ಲಿ ಬೆಳಗಿದ ಸೌಟುಧಾರಿಣಿಯನ್ನು, ಏಕಕಾಲದಲ್ಲಿ ಮೂರು ಒಲೆಗಳನ್ನಾಳಿದ ತ್ರಿಜ್ವಾಲಾಧೀಶ್ವರಿಯನ್ನು, ಚಿದಾನಂದಯ್ಯನವರ ಧರ್ಮಪತ್ನಿ ಅಂಬುಜಾಕ್ಷಿಯನ್ನು. ಮತ್ತು ಮೈಸೂರು ನೋಡಲು ಯಾವ ಋತು ಶ್ರೇಷ್ಠವೆಂಬ ವಿಷಯವಾಗಿ ಅವಳು ಫೋನಿನಲ್ಲಿ ಹೂಡಿದ ಮಹಾಸಮರವನ್ನು.

ಸಮರಕ್ಕೆ ಕಾರಣವಿತ್ತು. ಪ್ರತಿ ಶರದೃತುವಿನಲ್ಲಿ, ನವರಾತ್ರಿಯ ಆರನೆಯ ದಿನ, ದಾವಣಗೆರೆಯಿಂದ ಒಂದು ಅಕ್ಷೌಹಿಣಿ ಸೈನ್ಯ ಹೊರಟುಬರುತ್ತಿತ್ತು. ಅದರ ದಂಡನಾಯಕಿ ಚಿದಾನಂದಯ್ಯನವರ ಅಕ್ಕ ತ್ರಿವೇಣಮ್ಮ. ಆಕೆಯ ಹಿಂದೆ ಯಜಮಾನರು, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಒಟ್ಟು ಹನ್ನೊಂದು ಜನ, ಹದಿನಾರು ಚೀಲ. ಅವರು ಅರಮನೆಯ ದೀಪ ನೋಡುತ್ತಿದ್ದರು, ವಸ್ತುಪ್ರದರ್ಶನ ಸುತ್ತುತ್ತಿದ್ದರು, ವಿಜಯದಶಮಿಯ ಮಧ್ಯಾಹ್ನ ಚಿನ್ನದ ಅಂಬಾರಿ ಹೊತ್ತ ಆನೆಗೆ ಕೈಮುಗಿಯುತ್ತಿದ್ದರು. ಆ ಹೊತ್ತಿಗೆ ಅಂಬುಜಾಕ್ಷಿ ವಡೆಗೆ ಹಿಟ್ಟು ರುಬ್ಬುತ್ತಿದ್ದಳು.

"ಹೇಗಿತ್ತು ಅತ್ತಿಗೆ, ಆನೆ?" ಎಂದು ಅವಳು ಬಾಗಿಲಲ್ಲೇ ಕೇಳುವಳು.

"ಏನಿದೆ ಕಣೆ, ವರ್ಷಾವರ್ಷ ಅದೇ ಆನೆ. ಕಾಲು ಬಿದ್ದುಹೋಯ್ತು. ಕಾಫಿ ಆಯ್ತಾ?" ಎನ್ನುವರು ತ್ರಿವೇಣಮ್ಮ.

ಹನ್ನೊಂದು ಲೋಟ, ಜೊತೆಗೆ ಗಂಡನದೊಂದು, ಹನ್ನೆರಡು. ಹದಿಮೂರನೆಯದು ಅವಳದು. ಅದು ಒಲೆಯ ಪಕ್ಕದ ಕಟ್ಟೆಯ ಮೇಲೆ ಕೆನೆಗಟ್ಟಿ ತಣ್ಣಗಾಗುವವರೆಗೆ ಅವಳಿಗೆ ಅತ್ತ ತಿರುಗಲು ಬಿಡುವು ಸಿಗುತ್ತಿರಲಿಲ್ಲ. ಹೀಗೆ ಇಪ್ಪತ್ತೆರಡು ದಸರಾ ಕಳೆದವು. ಲೋಕವೇ ಬಂದು ನೋಡಿಹೋಗುವ ಆನೆಯನ್ನು ಅದೇ ಊರಿನಲ್ಲಿದ್ದು ನೋಡಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಕೊರಗು. ಆದರೆ ಬಾಯಿಬಿಟ್ಟು ಹೇಳಿದವಳಲ್ಲ.

ಈ ವರ್ಷ ಭಜನೆಯ ಗೆಳತಿ ಕಾತ್ಯಾಯಿನಿ ಒಂದು ಮಾತಾಡಿದಳು. ಮೆರವಣಿಗೆ ಹೋಗುವ ರಸ್ತೆಯಲ್ಲೇ ಅವಳ ಮನೆ. "ನಮ್ಮ ಟೆರೇಸಿಗೆ ಬನ್ನಿ ಅಂಬುಜಾ, ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸಿರ್ತೀನಿ."

ಅಷ್ಟು ಸಾಕಾಯಿತು. ಅಂದು ಸಂಜೆ ನಮ್ಮ ವೀರನಾರಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಲಗೈಯಲ್ಲಿ ಸೌಟನ್ನೆತ್ತಿ, ಪತ್ರಿಕೆಯ ಮರೆಯಲ್ಲಿದ್ದ ಪತಿದೇವರ ಸಮಕ್ಷಮದಲ್ಲಿ ಘೋರಪ್ರತಿಜ್ಞೆಗೈದಳು: "ಕೇಳಿಸ್ಕೊಳ್ಳಿ! ಈ ಸಲ ಆನೆ ನೋಡ್ದೆ ಇದ್ರೆ ನಾನು ಮೈಸೂರಿನವಳೇ ಅಲ್ಲ!"

ಪತ್ರಿಕೆ ಅರ್ಧ ಕೆಳಗಿಳಿಯಿತು. "ಅಕ್ಕಂಗೆ ಬರಬೇಡ ಅನ್ನೋಕಾಗತ್ತೇನೆ? ಅವಳು ಹುಟ್ಟಿದ ಮನೆ ಇದು."

"ಬರಬೇಡಿ ಅಂತ ಯಾರಂದ್ರು? ಯಾವಾಗ ಬಂದ್ರೆ ಚೆಂದ ಅಂತ ಹೇಳ್ತೀನಿ, ಅಷ್ಟೇ."

ಆಷಾಢದ ಒಂದು ಶುಕ್ರವಾರ ರಣಭೇರಿ ಮೊಳಗಿತು, ಅಂದರೆ ಫೋನು ಬಡಿದುಕೊಂಡಿತು. ದಾವಣಗೆರೆಯಿಂದ ದಂಡನಾಯಕಿಯ ಸಿಂಹನಾದ: "ಅಂಬುಜಾ, ಟಿಕೆಟ್ ಮಾಡಿಸ್ತಿದೀವಿ ಕಣೆ!"

ಅಂಬುಜಾಕ್ಷಿ ಮನಸ್ಸಿನಲ್ಲೇ ಬೆಟ್ಟದ ತಾಯಿಯನ್ನು ನೆನೆದು ಮೊದಲನೆಯ ಅಸ್ತ್ರವನ್ನು ಪ್ರಯೋಗಿಸಿದಳು. "ದಸರಾದಲ್ಲಿ ಊರು ಊರಾಗೇ ಇರಲ್ಲ ಅತ್ತಿಗೆ. ಹೋದ ಸಲ ಮೃಗಾಲಯದಲ್ಲಿ ಜಿರಾಫೆ ಕಂಡಿದ್ದೂ ಅದರ ತಲೆ ಮೇಲಿತ್ತು ಅಂತ."

"ಜನ ಇದ್ರೇನೇ ಕಣೆ ದಸರಾ!" ಎಂದು ತ್ರಿವೇಣಮ್ಮ ಅದನ್ನು ಎಡಗೈಯಲ್ಲಿ ತಳ್ಳಿಬಿಟ್ಟರು.

ಎರಡನೆಯದು ವರುಣಾಸ್ತ್ರ. "ಮಳೆ ಬೇರೆ ಅತ್ತಿಗೆ. ಸರಿಯಾಗಿ ಮೆರವಣಿಗೆ ಹೊತ್ತಿಗೇ ಸುರಿಯತ್ತೆ."

"ಹನ್ನೊಂದು ಛತ್ರಿ ಇದೆ ನಮ್ಮನೇಲಿ."

ಮೂರನೆಯದು ವಸಂತಾಸ್ತ್ರ. ಮಾವು, ಮಲ್ಲಿಗೆ, ಮಕ್ಕಳ ಬೇಸಿಗೆ ರಜೆ, ಎಲ್ಲವನ್ನೂ ಒಂದೇ ಬಿಲ್ಲಿಗೆ ಹೂಡಿ ಬಿಟ್ಟಳು. "ದಾವಣಗೆರೆ ಸೆಖೆ ಸಾಲದು ಅಂತ ಅಲ್ಲಿಗೂ ಬಂದು ಬೇಯ್ಬೇಕಾ?" ಎಂಬ ಒಂದೇ ಮಾತಿಗೆ ವಸಂತ ಬಾಡಿ ಬಿತ್ತು. ಟೆರೇಸಿನ ಕುರ್ಚಿ ಕಣ್ಣೆದುರೇ ದೂರದೂರ ಸರಿಯತೊಡಗಿತು.

ಆಗ, ಎಲೈ ಕಾಲಪುರುಷನೇ, ನಿನ್ನ ಐದನೆಯ ಕುದುರೆ ಹೇಮಂತ ಕೆನೆಯಿತು! ಬತ್ತಳಿಕೆಯ ತಳದಲ್ಲಿ ಉಳಿದಿದ್ದ ಕೊನೆಯ ಅಸ್ತ್ರ ಅವಳಿಗೆ ಹೊಳೆಯಿತು. ಅದನ್ನು ಪ್ರಯೋಗಿಸಿದವರಿಗೂ ಅದರಿಂದ ಕ್ಷೇಮವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ದನಿಯನ್ನು ಮೆತ್ತಗೆ ಮಾಡಿ ಅಂದಳು:

"ಅಲ್ಲ ಅತ್ತಿಗೆ, ಸಂಕ್ರಾಂತಿ ಹೊತ್ತಿಗೆ ಬಂದ್ರೆ ಸೊಗಡಿನ ಅವರೆಕಾಯಿ ಬಂದಿರತ್ತೆ. ಮೈಸೂರಲ್ಲಿ ತಿಂದಂಗೆ ಇನ್ನೆಲ್ಲಿ ತಿಂತೀರಿ?"

ಆಚೆಯ ತುದಿಯಲ್ಲಿ ದಂಡನಾಯಕಿ ಬಾಯಿ ಚಪ್ಪರಿಸಿದ ಸದ್ದು.

"ಹಿಸುಕಿದಬೇಳೆ ಸಾರು ಮಾಡ್ತೀಯಾ?" ತ್ರಿವೇಣಮ್ಮನ ದನಿ ಒಮ್ಮೆಗೇ ಲಂಗ ತೊಟ್ಟ ಹುಡುಗಿಯದಾಗಿತ್ತು.

"ಮಾಡ್ತೀನಿ."

"ನಮ್ಮಮ್ಮ ಮಾಡ್ತಿದ್ದಂಗೆ? ಹನ್ನೊಂದು ಜನಕ್ಕೂ?"

ಬಿಡಿಸಿದ ಕಾಳನ್ನು ನೆನೆಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಹಾರಿಸಬೇಕು. ಹದಿಮೂರು ಎಲೆಗೆ ಅದೆಷ್ಟು ಸಾವಿರ ಕಾಳಾದೀತೆಂದು ನೆನೆದು ಅವಳ ಹೆಬ್ಬೆರಳು ಅಲ್ಲೇ ನೋಯತೊಡಗಿತು. "ಹನ್ನೊಂದು ಜನಕ್ಕೂ," ಎಂದಳು ಮಹಾಸಾಧ್ವಿ. ಅಕ್ಷೌಹಿಣಿ ಸಂಕ್ರಾಂತಿಗೆಂದು ಹಿಂದೆ ಸರಿಯಿತು.

ವಿಜಯದಶಮಿ ಬಂತು. ರೇಷ್ಮೆಸೀರೆಯುಟ್ಟು, ಮೈಸೂರು ಮಲ್ಲಿಗೆ ಮುಡಿದು, ಗೃಹಸಾಮ್ರಾಜ್ಯದ ಒಲೆಗಳನ್ನೆಲ್ಲ ನಂದಿಸಿ, ಅಂಬುಜಾಕ್ಷಿ ಗಂಡನೊಡನೆ ಹೊರಟಳು. ಕಾತ್ಯಾಯಿನಿ ಮಾತಿಗೆ ತಪ್ಪಲಿಲ್ಲ. ಮುಂದಿನ ಸಾಲು, ಕೈಗಳಿದ್ದ ಪ್ಲಾಸ್ಟಿಕ್ ಕುರ್ಚಿ, ಮೇಲೆ ಶಾಮಿಯಾನದ ನೆರಳು. ಅಂಬುಜಾಕ್ಷಿ ಕುಳಿತಳು. ಬೆನ್ನು ಒರಗಿಸಿದಳು. ಯಾರೂ ಏನನ್ನೂ ಕೇಳಲಿಲ್ಲ. ಕುಕ್ಕರು ಕೂಗಲಿಲ್ಲ. ಕೆಳಗೆ ವೀರಗಾಸೆ, ಕಂಸಾಳೆ, ಡೊಳ್ಳು ಒಂದಾದ ಮೇಲೊಂದು ಬರುತ್ತಿದ್ದವು. ತಣ್ಣನೆಯ ಗಾಳಿ ಬೀಸಿತು.

ಅವಳು ಕಣ್ಣುಬಿಟ್ಟಾಗ ರಸ್ತೆಯಲ್ಲಿ ಪೌರಕಾರ್ಮಿಕರು ಆನೆಯ ಲದ್ದಿ ಗುಡಿಸುತ್ತಿದ್ದರು.

"ಆನೆ?" ಎಂದಳು.

"ಹೋಯ್ತಲ್ಲೇ," ಎಂದರು ಚಿದಾನಂದಯ್ಯ, ತಪ್ಪು ಮಾಡಿದವರಂತೆ. "ಎಬ್ಬಿಸಿದೆ ಕಣೆ, ಎರಡು ಸಲ. ನೀನು 'ಹಾಲು ಉಕ್ಕತ್ತೆ, ನೋಡ್ಕೊಳ್ಳಿ' ಅಂದು ಮತ್ತೆ ಮಲಗಿಬಿಟ್ಟೆ. ಆಮೇಲೆ ನಿನ್ನ ಮುಖ ನೋಡಿ ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ."

ಅವಳಿಗೆ ಅಳು ಬಂತು. ಇಪ್ಪತ್ತೆರಡು ವರ್ಷ ಕಾದು, ಅವರೆಕಾಯಿಯ ಬೆಟ್ಟಕ್ಕೆ ಕೈಯೊಡ್ಡಿ, ಎಲ್ಲ ಮಾಡಿ ನಿದ್ದೆ ಹೊಡೆದೆನಲ್ಲ! ಅಷ್ಟರಲ್ಲಿ ಫೋನು ಬಂತು. ತ್ರಿವೇಣಮ್ಮ. "ಟಿವೀಲಿ ನೋಡಿದ್ವಿ ಕಣೆ. ಹೇಗಿತ್ತೇ, ಆನೆ?"

ಅಂಬುಜಾಕ್ಷಿ ಮೂಗೊರೆಸಿಕೊಂಡಳು. "ಏನಿದೆ ಅತ್ತಿಗೆ, ವರ್ಷಾವರ್ಷ ಅದೇ ಆನೆ."

ಕಾತ್ಯಾಯಿನಿ ಕಾಫಿಯ ತಟ್ಟೆ ಹಿಡಿದು ಬಂದು ಮೊದಲು ಇವಳ ಮುಂದೆಯೇ ಬಗ್ಗಿದಳು. "ತಗೊಳ್ಳಿ, ಈಗ ತಾನೇ ಮಾಡಿದ್ದು." ಅಂಬುಜಾಕ್ಷಿ ಕುಳಿತಲ್ಲಿಂದ ಏಳದೆ ಲೋಟ ತೆಗೆದುಕೊಂಡಳು. ನೊರೆ ಇನ್ನೂ ಇಳಿದಿರಲಿಲ್ಲ. ಒಂದು ಗುಟುಕು ಕುಡಿದಳು. ನಾಲಿಗೆ ಚುರುಕ್ಕೆಂದು ಸುಟ್ಟಿತು.

"ಆರಿಸ್ಕೊಂಡು ಕುಡಿಯೇ," ಎಂದರು ಚಿದಾನಂದಯ್ಯ.

"ಊಹ್ಞೂಂ," ಎಂದು ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಗುಟುಕು ಕುಡಿದಳು.