ಹುಗ್ಗಿ ಸಾಲಿನಲ್ಲಿ ಇಂಟರ್‌ವ್ಯೂ

ಟಣ್! ಟಣ್! ಟಣ್! ಕಬ್ಬಿಣದ ಗೇಟಿಗೆ ಸ್ಟೀಲ್ ಡಬ್ಬಿ ಬಡಿಯುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಡಿಸೆಂಬರ್ ಚಳಿಗೆ ಇಡೀ ತುಮಕೂರು ಮುದುಡಿ ಮಲಗಿರುವಾಗ ಒಬ್ಬ ಮಹಾನುಭಾವ ಮಾತ್ರ ಇಂಟರ್‌ವ್ಯೂ ಮುಗಿಸಿಕೊಂಡು ಬಂದಿರುತ್ತಿದ್ದ. ಹೌದು, ಬೆಳಗಿನ ಜಾವಕ್ಕೇ! ಅವನು ನನ್ನ ಮೈದುನ. ಲೋಕವೆಲ್ಲ ರಜೆ ಹಾಕುವ ಕಾಲದಲ್ಲೇ ಕೆಲಸ ಹುಡುಕಲು ಹೊರಡುವ ಇನ್ನೊಬ್ಬ ಮನುಷ್ಯನಿದ್ದರೆ ತೋರಿಸಿ, ನಾನೇ ಹಾರ ಹಾಕುತ್ತೇನೆ.

ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಓಡುವ ಖಾಸಗಿ ಬಸ್ಸುಗಳಲ್ಲಿ ಅವನು ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದ. ಟಿಕೆಟ್ ಇಲ್ಲದವರು ಅವನ ಮೀಸೆ ಕಂಡೊಡನೆ ತಾವಾಗಿ ಇಳಿದುಬಿಡುತ್ತಿದ್ದರು. ದೀಪಾವಳಿ ಆಗುತ್ತಲೇ ಓನರ್ ಬಸ್ಸುಗಳನ್ನು ಮಾರಿ ಕೈತೊಳೆದುಕೊಂಡ. ಮೈದುನನಿಗೆ ಆಗಲೇ ಐವತ್ತೇಳು. ಹೆಂಡತಿ ತೀರಿಕೊಂಡಿದ್ದಳು, ಇದ್ದವಳು ಒಬ್ಬಳೇ ಮಗಳು. ಅವಳನ್ನು ನೋಡಲು ಕುಣಿಗಲ್ಲಿನಿಂದ ಗಂಡಿನ ಕಡೆಯವರು ಸಂಕ್ರಾಂತಿಯ ಮರುದಿನ ಬರುವವರಿದ್ದರು.

“ಅತ್ತಿಗೆ, ಹುಡ್ಗಿ ಅಪ್ಪ ಏನ್ ಮಾಡ್ತಾರೆ ಅಂತ ಕೇಳೇ ಕೇಳ್ತಾರೆ. ಸುಮ್ನೆ ಮನೇಲಿ ಕೂತವ್ರೆ ಅಂತ ನನ್ ಮಗಳ ಬಾಯಲ್ಲಿ ಹೇಳಿಸ್ಲಾ?” ಎಂದ.

ಆದರೆ ಡಿಸೆಂಬರ್! ಕಂಪನಿಯವರು ಕ್ರಿಸ್‌ಮಸ್ ರಜೆಗೆ ಗೋವಾದಲ್ಲಿ, ಮಿಕ್ಕವರು ಧನುರ್ಮಾಸದಲ್ಲಿ. ಶೂನ್ಯಮಾಸವಂತೆ, ಹೊಸದೇನೂ ಶುರು ಮಾಡಬಾರದಂತೆ! ಎಲ್ಲಿ ಹೋದರೂ ಒಂದೇ ಮಂತ್ರ: “ಸಂಕ್ರಾಂತಿ ಆದ್ಮೇಲೆ ಬನ್ನಿ.” ನಾನ್‌ಸೆನ್ಸ್! ಹೊಟ್ಟೆ ಏನು ಧನುರ್ಮಾಸಕ್ಕೆ ಲೀವ್ ಹಾಕುತ್ತದೆಯೇ? ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು ಎರಡೇ ಬೈಗುಳ, ‘ಸಿಲ್ಲಿ’ ಮತ್ತು ‘ಶೇಮ್’. ಎರಡೂ ಆ ತಿಂಗಳಲ್ಲೇ ಸವೆದುಹೋದವು.

ಮೈದುನನ ತಲೆಯೇ ಬೇರೆ. ಆಫೀಸಿಗೆ ಹೋದರೆ ಯಜಮಾನರನ್ನು ನೋಡಲು ವಾಚ್‌ಮನ್ ಬಿಡುವುದಿಲ್ಲ. ಧನುರ್ಮಾಸದ ಪೂಜೆಗಾದರೆ ಅದೇ ಯಜಮಾನರು ಬೆಳಗಿನ ಜಾವ ದೇವಸ್ಥಾನಕ್ಕೆ ಬಂದು, ಹುಗ್ಗಿ ಪ್ರಸಾದಕ್ಕೆ ಸಾಲು ನಿಲ್ಲುತ್ತಾರೆ! ಇವನು ಅವರ ಬೆನ್ನಿಗೇ ನಿಲ್ಲುತ್ತಿದ್ದ. “ಹುಗ್ಗಿ ಸಿಗೋ ತನಕ ಎಲ್ಲಿಗೆ ಹೋಗ್ತಾರೆ ಅತ್ತಿಗೆ?”

ಒಮ್ಮೆ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರು ಸಿಕ್ಕರು.

“ಐವತ್ತೇಳು ವರ್ಷಕ್ಕೆ ಯಾರಯ್ಯ ಕೆಲ್ಸ ಕೊಡ್ತಾರೆ?”

“ತಮಗೆಷ್ಟು ಸಾರ್?”

“ಎಪ್ಪತ್ತು.”

“ತಾವಿನ್ನೂ ಗಲ್ಲಾ ಬಿಟ್ಟಿಲ್ವಲ್ಲ ಸಾರ್!”

ಸಾಹುಕಾರರು ನಕ್ಕರು, ಹುಗ್ಗಿ ಹಾಕಿಸಿಕೊಂಡರು, ಹೊರಟೇಹೋದರು. ಅವನಿಗೆ ಕೆಲಸ ಸಿಗಲಿಲ್ಲ. ನನಗೆ ದಿನಾ ಡಬ್ಬಿ ತುಂಬಾ ಸಿಹಿ ಹುಗ್ಗಿ ಸಿಕ್ಕಿತು. ಶುಗರ್ ಇರುವ ಮುದುಕಿಗೆ!

ಕೊನೆಗೆ ನಾನೇ ಇನ್‌ಫ್ಲುಯೆನ್ಸ್ ಮಾಡಿದೆ. ಪರಿಚಯದ ಶಾಲೆಯೊಂದರ ಪ್ರಿನ್ಸಿಪಾಲ್ ಸಿಸ್ಟರಿಗೆ ಫೋನ್ ಹಚ್ಚಿದೆ. ಪಾಪ, ಕ್ರಿಸ್‌ಮಸ್ ಪ್ರೋಗ್ರಾಂ ದಿನ ಬಂದು ಕಾಣಲಿ ಎಂದರು. ಇವನು ಬೇಗನೇ ಹೋದ. ಗೇಟಿನ ವಾಚ್‌ಮನ್, “ಒಸಿ ನೋಡ್ಕಳಿ ಸಾರ್, ಟೀ ಕುಡ್ಕಂಡ್ ಬತ್ತೀನಿ” ಎಂದನಂತೆ. ಅಷ್ಟೇ ಸಾಕಾಯಿತು! ಬಂದವರನ್ನೆಲ್ಲ ತಡೆದು ಇನ್ವಿಟೇಶನ್ ಕಾರ್ಡ್ ಕೇಳಿದ. ಕಾರ್ಡನ್ನು ಮನೆಯಲ್ಲಿ ಮರೆತು ಬಂದಿದ್ದ ದಪ್ಪನೆಯ ಮನುಷ್ಯರೊಬ್ಬರನ್ನು ವಾಪಸ್ ಕಳಿಸಿದ. ಅವರೇ ಚೀಫ್ ಗೆಸ್ಟ್!

ಸಿಸ್ಟರ್ ನನಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಬೈದರು. ಮೃದುವಾಗಿ ಬೈದರೆ ಎಷ್ಟು ಉರಿಯುತ್ತದೆಂದು ಕಾನ್ವೆಂಟಿನಲ್ಲಿ ಓದಿದವರಿಗೇ ಗೊತ್ತು. ನಾನು ಅದನ್ನೆಲ್ಲ ಕನ್ನಡಕ್ಕಿಳಿಸಿ, ಮೃದು ತೆಗೆದು, ಮೈದುನನಿಗೆ ದಾಟಿಸಿದೆ. “ರೂಲ್ಸು ರೂಲ್ಸೇ ಅಲ್ವಾ ಅತ್ತಿಗೆ?” ಎಂದನೇ ಹೊರತು ಪಶ್ಚಾತ್ತಾಪದ ಸುಳಿವೂ ಇಲ್ಲ.

ಮರುದಿನ ಹುಗ್ಗಿ ಸಾಲಿನಲ್ಲಿ ಇವನ ಮುಂದೆ ಯಾರು ನಿಂತಿರಬೇಕು? ಅದೇ ಚೀಫ್ ಗೆಸ್ಟ್!

“ನೀನೇ ಅಲ್ವೇನಯ್ಯ ನಿನ್ನೆ ನನ್ನ ವಾಪಸ್ ಕಳಿಸ್ದೋನು?”

“ನಾನೇ ಸಾರ್. ಕಾರ್ಡ್ ಇರ್ಲಿಲ್ವಲ್ಲ.”

“ಬ್ಯಾನರ್ ಮೇಲೆ ನನ್ ಫೋಟೋನೇ ಇತ್ತಲ್ಲೋ!”

“ಇತ್ತು ಸಾರ್. ಬಸ್ ಮೇಲೆ ನಮ್ ಓನರ್ ಫೋಟೋನೂ ಇತ್ತು. ಅವರ್ನೂ ಟಿಕೆಟ್ ಕೇಳಿದೀನಿ.”

ಆ ಮನುಷ್ಯ ಹೊಟ್ಟೆ ಕುಲುಕಿಸಿ ನಕ್ಕರಂತೆ. ಗುಬ್ಬಿ ರಸ್ತೆಯಲ್ಲಿ ಅವರದೊಂದು ಕಲ್ಯಾಣ ಮಂಟಪ. ಗಂಡಿನ ಕಡೆಯೂ ಅಲ್ಲದ, ಹೆಣ್ಣಿನ ಕಡೆಯೂ ಅಲ್ಲದ ಜನ ಮೊದಲ ಪಂಕ್ತಿಗೇ ಕೂತು ಉಂಡು ಹೋಗುವುದು ಅವರ ತಲೆನೋವು.

“ನನ್ ಛತ್ರಕ್ಕೆ ನಿನ್ನಂಥೋನೇ ಬೇಕು. ಸಂಕ್ರಾಂತಿ ಆದ್ಮೇಲೆ ಬಾ.”

ಮತ್ತೆ ಅದೇ ಮಂತ್ರ!

“ಇವತ್ತೇ ಬತ್ತೀನಿ ಸಾರ್.”

“ಶೂನ್ಯಮಾಸ ಕಣಯ್ಯ, ಒಂದ್ ಮದ್ವೆನೂ ಇಲ್ಲ. ಯಾರ್ನ ಚೆಕ್ ಮಾಡ್ತೀಯ?”

“ಬಾಗ್ಲು ಕಾಯ್ತೀನಿ. ಬೀಗರಾಗೋರ ಹತ್ರ ಸುಳ್ಳು ಹೇಳಕ್ಕಾಗಲ್ಲ ಸಾರ್.”

ಅಂದೇ ಸೇರಿದ. ಶೂನ್ಯಮಾಸದಲ್ಲಿ ಸೇರಿದ ಕೆಲಸ ನಿಲ್ಲುವುದಿಲ್ಲವೆಂದು ನೆಂಟರೆಲ್ಲ ಮೂಗು ಮುರಿದರು. ಒಂದು ಕೆಲಸ ಕೊಡಿಸಲು ಬೆರಳೆತ್ತದ ಈ ಪಂಡಿತರಿಗೆ ಪಂಚಾಂಗ ಮಾತ್ರ ಕಂಠಪಾಠ! ಸಂಕ್ರಾಂತಿಯವರೆಗೂ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಖಾಲಿ ಛತ್ರವನ್ನು ಕಾದ.

ಗಂಡಿನ ಕಡೆಯವರು ಬಂದರು. “ತಾವು ಏನ್ ಮಾಡ್ಕೊಂಡಿದೀರ?” ಎಂದು ಹುಡುಗನ ತಂದೆ ಕೇಳಿದರು. ಮೈದುನ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಕಾಫಿ ತಟ್ಟೆ ಹಿಡಿದಿದ್ದ ಮಗಳು ತಲೆಯೆತ್ತಿ, “ನಮ್ಮಪ್ಪ ಛತ್ರದ ಮ್ಯಾನೇಜರ್ರು” ಎಂದುಬಿಟ್ಟಳು.

ಮದುವೆ ಅದೇ ಮಂಟಪದಲ್ಲಾಯಿತು. ನಾನು ಅವನನ್ನು ಕಡೆಯ ಸಲ ನೋಡಿದ್ದೂ ಅಲ್ಲೇ. ಮಳೆಗಾಲಕ್ಕೆ ಮುಂಚೆಯೇ ಅವನ ಹಾರ್ಟ್ ಕೈಕೊಟ್ಟಿತು. ಮದುವೆಯ ದಿನ ಮಗಳ ಕಾರು ಕುಣಿಗಲ್ ಕಡೆಗೆ ಹೊರಟ ಮೇಲೆ, “ಮನೆಗೆ ಬಾರಯ್ಯ” ಎಂದು ಕರೆದೆ. “ಡ್ಯೂಟಿ ಐತೆ ಅತ್ತಿಗೆ. ಫ್ಯಾನು, ಲೈಟು ಎಲ್ಲಾ ಆಫ್ ಮಾಡ್ಬೇಕು” ಎಂದ. ಆಟೋ ಹತ್ತಿದ ಮೇಲೆ ಕನ್ನಡಕ ಮರೆತದ್ದು ನೆನಪಾಗಿ ಒಳಗೆ ಹೋದೆ. ಇಡೀ ಹಾಲ್ ಕತ್ತಲಾಗಿತ್ತು. ವಧುವಿನ ಕೋಣೆಯಲ್ಲಿ ಮಾತ್ರ ಫ್ಯಾನ್ ತಿರುಗುತ್ತಿತ್ತು. ನೆಲದ ಮೇಲೆ ಉದುರಿದ್ದ ಮಲ್ಲಿಗೆ ಆ ಗಾಳಿಗೆ ಅತ್ತಿತ್ತ ಸರಿದಾಡುತ್ತಿತ್ತು. ಮೈದುನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೇ ಇದ್ದ, ಒತ್ತಿರಲಿಲ್ಲ. ನಾನು ಕನ್ನಡಕ ತೆಗೆದುಕೊಳ್ಳದೆಯೇ ಬಂದುಬಿಟ್ಟೆ.