ಅಮರನಾಥನ ಸೂಪರ್‌ವೈಸರ್

ಎಲ್ಲಿಗೆ ಹೊರಟಿದ್ದೀರೆಂದು ಪಕ್ಕದ ಮನೆಯ ಭಾಗಣ್ಣ ಕೇಳಿದಾಗ ಅಮರನಾಥ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ನಿಜ ಹೇಳಿಬಿಟ್ಟ.

“ಚಿತ್ತಾಪುರಕ್ಕರಿ. ನಮ್ಮ ಸೂಪರ್‌ವೈಸರ್ ಬಲ್ಲಿ ಹೊಂಟೀನಿ.”

ಸೇಡಂನಲ್ಲಿ ಸೂಪರ್‌ವೈಸರ್ ಎಂದರೆ ಸಿಮೆಂಟ್ ಫ್ಯಾಕ್ಟರಿಯವನೇ. ಅಮರನಾಥನ ಕಸುಬೋ ಕೋಚಿಂಗ್: ದಿಕ್ಕು ತೋಚದೆ ಬಂದವರ ಮಾತು ಕೇಳಿ, ಅವರೇ ದಾರಿ ಕಂಡುಕೊಳ್ಳುವಂತೆ ಪ್ರಶ್ನೆ ಕೇಳುವುದು. ಆ ಕೆಲಸ ನೆಟ್ಟಗೆ ನಡೆದಿದೆಯೇ ಎಂದು ಅವನನ್ನೇ ಪ್ರಶ್ನಿಸುವ ಹಿರಿಯ ಕೋಚ್ ಸರ್ವರಬೇಗಂ ಅವನ ಸೂಪರ್‌ವೈಸರ್. ಇದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಭಾಗಣ್ಣ ಚಪ್ಪಲಿ ಮೆಟ್ಟಿಯಾಗಿತ್ತು.

“ಫ್ಯಾಕ್ಟರಿ ಸೇರೀರಿ ಅಂತ ಹೇಳಬಾರದೇನ್ರಿ ಸರ್? ನಡ್ರಿ, ನಮ್ಮ ಅಳಿಯಗೂ ಒಂದು ಕೆಲಸ ಕೇಳೂಣು.”

ರೈಲಿನುದ್ದಕ್ಕೂ ಅವನು ಸಂತೆಯಲ್ಲಿ ಎತ್ತು ಮಾರುವವನಂತೆ ಅಳಿಯನನ್ನು ಹೊಗಳಿದ. ಚಿತ್ತಾಪುರದಲ್ಲಿ ಸರ್ವರಬೇಗಂ ಅವನಿಗೆ ಚಹಾ ಕೊಟ್ಟು ಹೊರಗೆ ಕೂರಿಸಿ, ಅಮರನಾಥನನ್ನು ಒಳಗೆ ಕರೆದರು.

“ನಿಮ್ಮ ಮನಿಗೆ ಕೋಚಿಂಗಿಗೆ ಬಂದಿದ್ರಲ್ಲ, ಹೆಂಡತೀನ ಕಳಕೊಂಡ ಆ ಮನುಷ್ಯ, ಅವರು ನಿಮ್ಮ ಮುಂದ ಅಳ್ಲಿಕತ್ತಾಗ ಏನ್ ಮಾಡಿದ್ರಿ?”

“ನೀರು ತರ್ತೀನಂತ ಎದ್ದು ಹೋದ್ನಿರಿ ಮೇಡಂ.”

“ತಂದ್ರೇನು?”

“ಇಲ್ರಿ. ಅಡುಗಿಮನ್ಯಾಗ ಹಂಗೇ ನಿಂತ್ಬಿಟ್ನಿ.”

ಅದು ಅಮರನಾಥನ ಹೆಂಡತಿ ಶಿವಗಂಗಾಳ ಅಡುಗೆಮನೆ. ಅವಳನ್ನು ಮಣ್ಣು ಮಾಡಿ ಬಂದ ವಾರದೊಳಗೇ ಅವನು ಮತ್ತೆ ಕೆಲಸಕ್ಕೆ ಕೂತಿದ್ದ.

ಸರ್ವರಬೇಗಂ ಹೇಳಿದರು: “ಸದ್ಯ ಕೆಲಸ ನಿಲ್ಲಸ್ರಿ. ಅವರಿಗೆ ನಾ ಬ್ಯಾರೆ ಕೋಚ್ ನೋಡ್ತೀನಿ. ಮೊದಲ ನಿಮ್ಮ ದುಃಖ ಯಾರ ಮುಂದಾರ ಹೇಳ್ಕೋರಿ. ಅಳ್ರಿ.”

ಹೊರಗಿದ್ದ ಭಾಗಣ್ಣನ ಕಿವಿಗೆ ಬಿದ್ದದ್ದು ‘ಕೆಲಸ ನಿಲ್ಲಸ್ರಿ’ ಎಂಬುದಷ್ಟೇ. ಪಾಪ, ಅಳಿಯನನ್ನು ಮರೆತು, ಸರ್ ನೌಕರಿ ಹೋಯಿತೆಂದು ಓಣಿಗೆ ಫೋನ್ ಹಚ್ಚಿದ.

ರೈಲು ಸೇಡಂ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಓಣಿಯವರೆಲ್ಲ ಅಮರನಾಥನ ಮನೆ ಕಟ್ಟೆಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಶಿವಗಂಗಾ ಹೋದಾಗಲೂ ಹೀಗೇ ಬಂದಿದ್ದರು. ಆಗ ಇವನೇ ಅವರಿಗೆ ಸಮಾಧಾನ ಹೇಳಿ ಕಳಿಸಿದ್ದ. ಈಗ ಎದುರುಮನೆಯ ರತ್ನಾಬಾಯಿ ರೊಟ್ಟಿ-ಪಲ್ಯದ ತಾಟು ಪಕ್ಕಕ್ಕಿಟ್ಟು ಬೆನ್ನು ಸವರಿದಳು. “ಮನಸ್ಸು ಗಟ್ಟಿ ಮಾಡ್ಕೋ ತಮ್ಮಾ.”

ಅಷ್ಟು ಸಾಕಾಯಿತು. ಅಮರನಾಥ ಕೂಸಿನಂತೆ ಬಿಕ್ಕಿದ. “ಎಲ್ಲಾ ಮುಗೀತಲ್ಲ ಅಕ್ಕಾ... ಒಬ್ಬಾವ ಹೆಂಗಿರ್ಲಿ?”

“ಯಾಕ್ ಅಳ್ತೀರಿ ಸರ್?” ಭಾಗಣ್ಣ ಭುಜ ತಟ್ಟಿದ. “ಇದು ಹೋದ್ರ ಹೋಗ್ಲಿ, ಇದಕಿಂತ ಚಲೋದು ಸಿಗ್ತದ. ನಾನೇ ಹುಡುಕಿ ಕೊಡ್ತೀನಿ!”

ಶಿವಗಂಗಾ ಎನ್ನಲು ಅಮರನಾಥ ಬಾಯಿ ತೆರೆದ. ಬಂದದ್ದು ಮತ್ತೂ ದೊಡ್ಡ ಅಳು.

ರತ್ನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಸುತ್ತಲಿನವರಿಗೆ ಹೇಳಿದಳು:

“ಹೆಂಡ್ತಿ ಸತ್ತಾಗೂ ಇಂವ ಒಂದು ಹನಿ ಕಣ್ಣೀರು ಹಾಕಿರ್ಲಿಲ್ಲ. ನೌಕರಿ ಮ್ಯಾಲ ಎಷ್ಟು ಜೀವ ಇಟ್ಟಿದ್ದ, ನೋಡ್ರವ್ವಾ!”